ನಲವತ್ತೊಂದನೇ ಪುಟ

ತಮ್ಮ ಪುಸ್ತಕ ಬರೆದಿದ್ದಾನೆ ಎಂದರೆ ಯಾವ ಅಕ್ಕನಿಗೆ ಹಿಗ್ಗಾಗುವುದಿಲ್ಲ? ಗಂಗಾಂಬಿಕೆಗೂ ಆಗಿತ್ತು. ಆ ಹಿಗ್ಗು ಸರಿಯಾಗಿ ನಲವತ್ತು ಪುಟ ಬಾಳಿತು.

ಪುಸ್ತಕ ತುಮಕೂರಿನಿಂದ ಗುಬ್ಬಿಗೆ ಬಂದದ್ದು ಒಂದು ಶುಕ್ರವಾರ ಸಂಜೆ, ಪರಿಚಯದ ಬಸ್ ಕಂಡಕ್ಟರನ ಕೈಯಲ್ಲಿ. ಹೆಸರು ‘ಊಟದೆಲೆಯ ಹುಡುಗ’. ಬರೆದವನು ಕಾಲೇಜಿನಲ್ಲಿ ಲೆಕ್ಚರರ್ ಆಗಿರುವ ಸಿದ್ದಗಂಗಯ್ಯ, ಅಂದರೆ ಅವಳ ಸಿದ್ದು. ಭಾನುವಾರ ಬಿಡುಗಡೆ. ಕಾರ್ಡಿನ ಹಿಂದೆ ಕೈಬರಹದಲ್ಲಿ ಒಂದು ಸಾಲು: ‘ಅಕ್ಕ, ತಿಂಡಿಗೆ ನೂರೈವತ್ತು ಎಲೆ ಮರೆಯಬೇಡ.’ ಮರೆಯುವುದೇನು ಬಂತು? ಒಂದು ತಿಂಗಳ ಹಿಂದೆಯೇ ಫೋನಿನಲ್ಲಿ ಕೇಳಿದ್ದ. ಬಂದವರಿಗೆಲ್ಲ ಅಕ್ಕನ ಕೈಯ ಮುತ್ತುಗದ ಎಲೆಯಲ್ಲೇ ತಿಂಡಿ ಕೊಡಬೇಕಂತೆ. ಅವಳು ಎಲೆ ತರಿಸಿ, ಗಂಡ ಅಡವಿಯಪ್ಪನ ಹಿಟ್ಟಿನ ಗಿರಣಿಯ ಕೆಲಸದ ನಡುವೆಯೇ ಹೊಲಿದು, ಕಟ್ಟು ಕಟ್ಟಿ ಮೂಲೆಯಲ್ಲಿಟ್ಟಿದ್ದಳು.

ಅವಳ ಕೈಯೆಲ್ಲ ರಾಗಿಹಿಟ್ಟು. ಅದಕ್ಕೆ ಮಗಳು ಸುಮನಾ ಗಟ್ಟಿಯಾಗಿ ಓದುತ್ತ ಕುಳಿತಳು. ಏಳನೇ ಕ್ಲಾಸಿನ ಹುಡುಗಿ, ಸೋದರಮಾವನ ಹೆಸರು ಅಚ್ಚಾಗಿದ್ದನ್ನು ಮೂರು ಸಲ ಸವರಿ ನೋಡಿಕೊಂಡಿದ್ದಳು.

“ನಮ್ಮದು ಎರಡಂಕಣದ ಮಣ್ಣಿನ ಮನೆ. ಅದರಲ್ಲಿ ಮನುಷ್ಯರಿಗಿಂತ ಎಲೆಗಳಿಗೇ ಹೆಚ್ಚು ಜಾಗ,” ಎಂದು ಸುಮನಾ ಓದಿದಾಗ ಗಂಗಾಂಬಿಕೆ, “ನಿಜ ಕಣೇ, ಚೆಂದಾಗಿ ಬರ್ದವ್ನೆ” ಎಂದಳು. ಅಪ್ಪ ಮಹಾಲಿಂಗಯ್ಯ ಹಣೆಗೆ ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ, ಉಬ್ಬಸದ ಎದೆ ಹಿಡಿದುಕೊಂಡು ಕಾಡಿಗೆ ಹೊರಡುತ್ತಿದ್ದದ್ದು ಬಂದಾಗ ಅವಳ ಕಣ್ಣು ತುಂಬಿತು. ಆಮೇಲೆ ಬಂತು ನೋಡಿ:

“ಸೀಮೆಎಣ್ಣೆ ಬುಡ್ಡಿಯ ಮಂದ ಬೆಳಕಿನಲ್ಲಿ ನನ್ನ ಎಳೆಯ ಬೆರಳುಗಳು ಎಲೆಗೆ ಕಡ್ಡಿ ಚುಚ್ಚುತ್ತಿದ್ದವು. ಆ ಬೆರಳುಗಳೇ ನನ್ನ ಓದನ್ನು ಸಾಕಿದವು.”

ಗಂಗಾಂಬಿಕೆಗೆ ನಗು ತಡೆಯಲಾಗಲಿಲ್ಲ. “ಬುಡ್ಡಿನಾ? ಒಣಗಿದ ಎಲೆ ರಾಶಿ ಮಧ್ಯೆ ಬುಡ್ಡಿ ಹಚ್ಚಿದ್ರೆ ನಿಮ್ಮಾವ ಪುಸ್ತಕ ಬರಿಯಕ್ಕೆ ಉಳೀತಿದ್ನಾ? ಮನೆ ಜೊತೆಗೇ ಸುಟ್ಟು ಬೂದಿಯಾಗ್ತಿದ್ದ!”

ಆ ಮನೆಯೊಳಗೆ ಹೊತ್ತು ಮುಳುಗಿದ ಮೇಲೆ ಬೆಂಕಿಯ ಮಾತೇ ಇರಲಿಲ್ಲ. ಒಲೆ ಹಿತ್ತಲಲ್ಲಿ, ಬುಡ್ಡಿ ಹೊರಗಿನ ಜಗಲಿಯ ಮೇಲೆ. ಎಲೆ ಹೊಲಿದದ್ದೆಲ್ಲ ಹಗಲಿನಲ್ಲಿ, ಬಾಗಿಲ ಬೆಳಕಿಗೆ ಬೆನ್ನು ಕೊಟ್ಟು. ಎಲೆ ಹೊಲಿಯುವ ಯಾವ ಮನೆಯ ಎಳೆಕೂಸನ್ನು ಕೇಳಿದರೂ ಇದನ್ನು ಹೇಳುತ್ತದೆ. ಸಿದ್ದುವಿಗೆ ಗೊತ್ತಿಲ್ಲವೆಂದರೆ ಅವನು ಹೊಲಿದದ್ದು ಅಷ್ಟರಲ್ಲೇ ಇತ್ತು. ಹೋಗಲಿ, ಪುಸ್ತಕವೆಂದ ಮೇಲೆ ಒಂದಿಷ್ಟು ಒಗ್ಗರಣೆ ಬೇಕಾಗುತ್ತದೇನೋ ಎಂದು ಅವಳು ಅದನ್ನೂ ನುಂಗಿಕೊಂಡಳು.

ಸುಮನಾ ಪುಟ ತಿರುಗಿಸಿದಳು. ಓದುತ್ತ ಓದುತ್ತ ಅವಳ ದನಿ ಸಣ್ಣಗಾಯಿತು.

“ನನ್ನ ಅಕ್ಕ ಗಂಗಾಂಬಿಕೆಗೆ ಅಕ್ಷರ ಹತ್ತಲಿಲ್ಲ. ಏಳನೆಯ ತರಗತಿಗೇ ಶಾಲೆ ಬೇಡವೆಂದು ತಾನಾಗಿಯೇ ಮನೆಯಲ್ಲಿ ಕುಳಿತಳು. ಪಾಪ, ಒಲೆ ಮತ್ತು ಎಲೆ, ಇಷ್ಟೇ ಅವಳ ಲೋಕ.”

ಹುಡುಗಿ ತಲೆಯೆತ್ತಿ, “ಹೌದೇನಮ್ಮ? ನಿಂಗೆ ಓದು ಹತ್ತಿರ್ಲಿಲ್ವಾ? ಯಾವತ್ತೂ ಹೇಳೇ ಇಲ್ವಲ್ಲ” ಎಂದಳು. ಆಡಿಕೊಳ್ಳುವ ದನಿಯಲ್ಲ, ಅಯ್ಯೋ ಅನ್ನುವ ದನಿ. ಅದೇ ಗಂಗಾಂಬಿಕೆಯನ್ನು ಹೆಚ್ಚು ಸುಟ್ಟಿತು. ಇವತ್ತಿನವರೆಗೆ ಈ ಹುಡುಗಿಗೆ ಮಗ್ಗಿ ಕಲಿಸಿದ್ದು ತಾನು, ಪದ್ಯ ಬಾಯಿಪಾಠ ಮಾಡಿಸಿದ್ದು ತಾನು. ಒಂದು ಸಾಲು ಅಚ್ಚಾಗಿ ಬಂದದ್ದೇ ತಡ, ಮಗಳು ಅಮ್ಮನನ್ನು ಬಿಟ್ಟು ಅಚ್ಚನ್ನು ನಂಬಿದಳು.

“ಪುಸ್ತಕ ಇಲ್ಲಿ ಕೊಡು” ಎಂದು ಹಿಟ್ಟಿನ ಕೈಯಲ್ಲೇ ಕಿತ್ತುಕೊಂಡು ಆ ಮೂರು ಸಾಲನ್ನು ತಾನೇ ಓದಿದಳು. ಮತ್ತೆ ಓದಿದಳು. ಸುಳ್ಳನ್ನಾದರೂ ತಡೆದುಕೊಳ್ಳಬಹುದಿತ್ತು, ಆ ‘ಪಾಪ’ ಎಂಬ ಪದವನ್ನು ತಡೆದುಕೊಳ್ಳಲಾಗಲಿಲ್ಲ. ಯಾವನಿಗೆ ಯಾರು ಪಾಪ? ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೆಸರಾದದ್ದು ಇವಳ ಕೈ, ಮೊಸರಾದದ್ದು ಅವನ ಬಾಯಿ, ಈಗ ಆ ಬಾಯಿಂದಲೇ ಪಾಪ ಅನ್ನಿಸಿಕೊಳ್ಳಬೇಕು.

ಎದ್ದವಳೇ ಮೂಲೆಯ ಎಲೆ ಕಟ್ಟನ್ನು ಎತ್ತಿಕೊಂಡು ಬಚ್ಚಲಿಗೆ ಹೋದಳು. ನೂರೈವತ್ತು ಎಲೆಯನ್ನೂ ನೀರೊಲೆಗೆ ತುರುಕಿದಳು. ಗಿರಣಿ ಬಾಗಿಲು ಹಾಕಿಕೊಂಡು ಬಂದ ಅಡವಿಯಪ್ಪ, “ಏನಮ್ಮಿ, ಇವತ್ತು ನೀರು ಇಷ್ಟು ಕೊತಕೊತ ಅಂತೈತೆ” ಎಂದ. “ನಿಮ್ಮ ಬಾಮೈದನ ಪುಣ್ಯ, ಸ್ನಾನ ಮಾಡಿ” ಎಂದಳು.

ನಡೆದದ್ದು ಏನೆಂದರೆ ಇದು.

ಮನೆ ಇದ್ದದ್ದು ದೇವರಾಯನದುರ್ಗದ ಬುಡದಲ್ಲಿ, ಕಾರೆಗುಡ್ಡ ಎಂಬ ಹಳ್ಳಿಯಲ್ಲಿ. ಹೊಲ ಇಲ್ಲ, ದನ ಇಲ್ಲ. ಕಾಡಿನ ಮುತ್ತುಗದ ಎಲೆಯೇ ಬದುಕು. ಎಲೆ ಕಿತ್ತು, ಸರ ಪೋಣಿಸಿ, ನೆರಳಲ್ಲಿ ಒಣಗಿಸಿ, ಚಪ್ಪಡಿ ಕಲ್ಲಿನ ಅಡಿ ಇಟ್ಟು ಹದ ಮಾಡಬೇಕು. ಆ ಕಲ್ಲುಗಳು ಮನೆಯ ನಡುವೆ ಮಲಗಿರುತ್ತಿದ್ದವು, ಮನುಷ್ಯರು ಗೋಡೆಗೆ ಒತ್ತಿಕೊಂಡು ಮಲಗುತ್ತಿದ್ದರು. ಮಳೆಗಾಲದಲ್ಲಿ ಹೆಂಚು ಸೋರಿದರೆ ಅವ್ವ ಶಿವರುದ್ರಮ್ಮ ಮನೆಯಲ್ಲಿದ್ದ ಒಂದೇ ಟಾರ್ಪಾಲನ್ನು ಎಲೆಗೆ ಹೊದಿಸುತ್ತಿದ್ದಳು. ಮಕ್ಕಳು ನೆನೆದರೆ ಒಣಗುತ್ತವೆ, ಎಲೆ ನೆನೆದರೆ ಬೂಸಲು ಹಿಡಿಯುತ್ತದೆ ಎಂಬುದು ಅವಳ ನ್ಯಾಯ. ಊರಿನ ಮದುವೆಗಳಿಗೆಲ್ಲ ಎಲೆ ಹೊಲಿದುಕೊಟ್ಟವರು ತಾವು ಮಾತ್ರ ಸೊಟ್ಟ ಅಲ್ಯೂಮಿನಿಯಂ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಎರಡು ತಟ್ಟೆ, ನಾಲ್ಕು ಜನ. ಮೊದಲ ಪಂಕ್ತಿ ಯಾವಾಗಲೂ ಗಂಡಸರದು, ಹತ್ತು ವರ್ಷದ ಗಂಡಸೂ ಸೇರಿದಂತೆ.

ಹೊಲಿಯುವುದರಲ್ಲಿ ಒಂದು ಕಟ್ಟುನಿಟ್ಟು. ಎಲೆಗೆ ಎಲೆ ಸೇರಿಸಿ ಹಂಚಿಕಡ್ಡಿಯ ಸೀಳು ಚುಚ್ಚಿ ಮುರಿಯುತ್ತಾರಲ್ಲ, ಆ ಮುರಿದ ತುದಿ ಎಲೆಯ ಅಡಿಗೇ ಇರಬೇಕು. ಮೇಲೆ ಉಳಿದರೆ ಉಣ್ಣುವವನ ಬೆರಳಿಗೆ ಚುಚ್ಚುತ್ತದೆ. ತುಮಕೂರಿನ ಶಿರಾ ಗೇಟ್ ಹತ್ತಿರ ಅಂಗಡಿ ಇಟ್ಟಿದ್ದ ಮೆಹಬೂಬ್ ಪಾಷಾ ಎಲೆ ಕೊಳ್ಳಲು ಬಂದರೆ ಎಣಿಸುವ ಮೊದಲು ಅಂಗೈಯಿಂದ ಸವರುತ್ತಿದ್ದ. ಒಂದು ಚುಚ್ಚಿದರೂ ಇಡೀ ಕಟ್ಟು ವಾಪಸ್ಸು. ಗಂಗಾಂಬಿಕೆ ಎಂಟು ವರ್ಷದವಳಿದ್ದಾಗಿನಿಂದ ಹೊಲಿಯುತ್ತಿದ್ದಳು, ಒಂದು ಕಟ್ಟೂ ವಾಪಸ್ಸು ಬಂದಿರಲಿಲ್ಲ.

ತೊಂಬತ್ತೊಂದನೇ ಇಸವಿ, ಮಾರ್ಚ್. ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯೂ ಕುಣಿಗಲಿನ ದೊಡ್ಡ ಮದುವೆಯೊಂದಕ್ಕೆ ಸಾವಿರ ಎಲೆಯ ಆರ್ಡರೂ ಒಂದೇ ವಾರಕ್ಕೆ ಬಂದವು. ಗಂಗಾಂಬಿಕೆಯ ಶಾಲೆಯ ರಾಮಾಂಜಿನಯ್ಯ ಮೇಷ್ಟ್ರು ಮನೆಗೆ ಬಂದು, ಪರೀಕ್ಷೆ ಮುಗಿಯುವವರೆಗೆ ಹುಡುಗಿಯ ಕೈಗೆ ಎಲೆ ಕೊಡಬೇಡಿ ಎಂದು ಹೇಳಿಹೋದರು. ಅಪ್ಪ ಒಪ್ಪಿದ. ಅವಳು ಊರ್ಡಿಗೆರೆಯ ಸೆಂಟರಿಗೆ ನಡೆದುಹೋಗಿ ಪರೀಕ್ಷೆ ಬರೆದ ಆ ದಿನಗಳಲ್ಲಿ ಅವಳ ಪಾಲಿನ ಎಲೆಯನ್ನು ಸಿದ್ದು ಹೊಲಿದ. ಜೀವಮಾನದಲ್ಲಿ ಅವನು ಎಲೆ ಹೊಲಿದದ್ದು ಅಷ್ಟೇ. ಆಡಲು ಹೋಗುವ ಅವಸರದಲ್ಲಿ ಎಲೆಯನ್ನು ಬೋರಲು ಹಾಕಿಕೊಂಡು ಹೊಲಿದಿದ್ದ, ಮುರಿದ ತುದಿಯೆಲ್ಲ ಮೇಲೆ. ಮದುವೆ ಅವಸರ, ಪಾಷಾ ಅವತ್ತು ಸವರದೆ ಎತ್ತಿಕೊಂಡು ಹೋದ.

ಕುಣಿಗಲಿನಲ್ಲಿ ಬೀಗರ ಪಂಕ್ತಿ ಕೂತು, ಮೊದಲ ತುತ್ತಿಗೇ ನಾಲ್ಕು ಜನ ಕೈ ಕೊಡವಿ ಎದ್ದರಂತೆ. ಯಾವ ಕಟ್ಟು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಆರಿಸಲು ಯಾರಿಗೆ ಪುರುಸೊತ್ತು? ಸಾವಿರ ಎಲೆಯೂ ತಿಪ್ಪೆಗೆ ಹೋಯಿತು. ಮರುದಿನ ಪಾಷಾ ಸೈಕಲ್ಲಿನಲ್ಲಿ ಬಂದು, ಕೂಗಾಡದೆ, ಜಗಲಿಯ ಮೇಲೆ ಕೂತು ಹೇಳಿದ: “ಮಹಾಲಿಂಗಯ್ಯನೋರೇ, ನಾನೂ ಮಕ್ಳೊಂದಿಗ. ಇಷ್ಟು ವರ್ಷದ ವ್ಯವಹಾರ, ಬಿಡಕ್ಕೆ ಮನಸ್ಸಿಲ್ಲ. ಆದ್ರೆ ನಿಮ್ ಹುಡ್ಗಿ ಕೈ ಎಲೆ ಇದ್ರೆ ಮಾತ್ರ ನಾನು ಮುಟ್ಟೋದು. ಬೇರೆಯವ್ರ ಕೈದು ಬ್ಯಾಡ.”

ಅಷ್ಟೇ. ಕೈಯ ಅಚ್ಚುಕಟ್ಟೇ ಅವಳಿಗೆ ಕುತ್ತಾಯಿತು. ಹಗಲಿನಲ್ಲೇ ಆಗಬೇಕಾದ ಹೊಲಿಗೆಯೆಲ್ಲ ಅವಳೊಬ್ಬಳ ಮೇಲೆ ಬಿತ್ತು. ಕೆಟ್ಟದಾಗಿ ಹೊಲಿದವನು ಮಠದ ಹಾಸ್ಟೆಲ್ಲಿಗೆ ಓದಲು ಹೋದ, ಚೆನ್ನಾಗಿ ಹೊಲಿದವಳು ಎಲೆಯ ಮುಂದೆ ಕುಳಿತಳು. ಇದಕ್ಕಿಂತ ಚೆಂದದ ನ್ಯಾಯ ಯಾವ ಕೋರ್ಟಿನಲ್ಲಿ ಸಿಗುತ್ತದೆ?

ಫಲಿತಾಂಶ ಬಂದ ದಿನ ರಾಮಾಂಜಿನಯ್ಯ ಮೇಷ್ಟ್ರು ಅಂಕಪಟ್ಟಿ ಹಿಡಿದು ಬೆವರು ಸುರಿಸಿಕೊಂಡು ಬಂದರು. ಶಾಲೆಗೇ ಮೊದಲು. ಹೈಸ್ಕೂಲಿಗೆ ತಾವೇ ಸೇರಿಸುತ್ತೇವೆ, ಕಳಿಸಿಕೊಡಿ ಎಂದರು. ಅಪ್ಪ ನೆಲ ನೋಡುತ್ತ ಕುಳಿತ. ಅವ್ವ ಹಿಂದಿನಿಂದ ಬಂದು ಗಂಗಾಂಬಿಕೆಯ ಪಕ್ಕ ನಿಂತು, “ಅವ್ಳಿಗೇ ಬ್ಯಾಡ್ವಂತೆ ಸಾ” ಎಂದಳು. ಮೇಷ್ಟ್ರು, “ಹೌದೇನಮ್ಮ ಗಂಗಾ?” ಎಂದು ಕೇಳಿದರು. ಅವ್ವನ ಬೆರಳು ಅವಳ ಸೊಂಟದ ಚರ್ಮವನ್ನು ಹಿಡಿದು ತಿರುಚುತ್ತಿತ್ತು. ಅವಳು ತಲೆ ಆಡಿಸಿದಳು. ಆಮೇಲಿನ ಹದಿನೆಂಟು ವರ್ಷದಲ್ಲಿ, ಆ ತಲೆ ಆಡಿಸಿದ್ದಕ್ಕಾಗಿ ತನ್ನನ್ನು ತಾನು ಅವಳು ಬೈದುಕೊಂಡಷ್ಟು ಬೇರೆ ಯಾರನ್ನೂ ಬೈದಿಲ್ಲ.

ಇದೆಲ್ಲ ಅಚ್ಚಾಗಬೇಕೆಂದು ಅವಳೇನೂ ಕಾದಿರಲಿಲ್ಲ. ಬರೆಯದಿದ್ದರೆ ಬೇಡ, ಮನೆಮನೆಯಲ್ಲೂ ಹೆಣ್ಣುಮಕ್ಕಳ ಕತೆ ಹೀಗೇ ಮುಗಿದಿರುತ್ತದೆ. ಆದರೆ ಬರೆದ ಮೇಲೆ ತಿರುಚಿ ಬರೆಯಬಾರದು. ಆ ಮನೆಯಿಂದ ಅವಳು ಹೊತ್ತು ತಂದದ್ದು ಬೇರೇನೂ ಇಲ್ಲ, ಶಾಲೆಗೇ ಮೊದಲು ಬಂದಿದ್ದೆ ಎಂಬ ಒಂದೇ ಒಂದು ನೆನಪು. ಅದಕ್ಕೂ ತಮ್ಮ ಕೈ ಹಾಕಿದ್ದ.

ಶನಿವಾರ ಬೆಳಿಗ್ಗೆಯೇ ಬಸ್ಸು ಹತ್ತಿ ತುಮಕೂರಿನ ಉಪ್ಪಾರಹಳ್ಳಿಯಲ್ಲಿದ್ದ ತಮ್ಮನ ಮನೆಗೆ ಹೋದಳು. ತಾರಸಿ ಮನೆ, ಬಾಗಿಲಲ್ಲಿ ಮನಿಪ್ಲಾಂಟು, ಒಳಗೆ ಸೋಫಾದ ಮೇಲೆ ಅವ್ವ. ಸಿದ್ದು ನಾಳೆಯ ಭಾಷಣ ತಿದ್ದುತ್ತ ಕುಳಿತಿದ್ದ. ಅಕ್ಕನನ್ನು ಕಂಡು, “ಬಾ ಅಕ್ಕ, ಎಲೆ ತಂದ್ಯಾ?” ಎಂದ.

“ತಟ್ಟೆ ಬಾಡಿಗೆಗೆ ತರ್ಸ್ಕೊ,” ಎಂದಳು. ಪುಸ್ತಕವನ್ನು ಟೀಪಾಯಿಯ ಮೇಲೆ ಬಿಸಾಡಿ ನಲವತ್ತೊಂದನೇ ಪುಟ ತೆಗೆದಳು. “ಇದನ್ನ ಓದು. ನನ್ ಮುಖ ನೋಡ್ಕೊಂಡು ಓದು.”

ಸಿದ್ದು ಪುಟ ನೋಡಿದ, ಅಕ್ಕನನ್ನು ನೋಡಿದ. “ಯಾಕಕ್ಕ? ಬೇಜಾರಾಯ್ತಾ? ಪ್ರೀತಿಯಿಂದ್ಲೇ ಬರ್ದಿದೀನಿ.”

“ನನ್ಗೆ ಅಕ್ಷರ ಹತ್ಲಿಲ್ವೇನೋ?”

“ಅಲ್ಲ... ನೀನೇ ಬೇಡ ಅಂದ್ಯಲ್ಲ. ನಾನೂ ಅಲ್ಲೇ ಬಾಗಿಲ ಹತ್ರ ನಿಂತಿದ್ದೆ. ಮೇಷ್ಟ್ರು ಕೇಳಿದ್ರು, ನೀನು ತಲೆ ಆಡಿಸ್ದೆ.”

“ಹಿಂದ್ಗಡೆ ಅವ್ವ ಸೊಂಟ ಚಿವುಟ್ತಾ ಇದ್ದಿದ್ದು ಕಾಣಿಸ್ಲಿಲ್ವಾ? ಕೇಳು ಅವ್ವನ್ನ. ಕೂತವ್ಳಲ್ಲ, ಕೇಳು.”

ಸಿದ್ದು ತಾಯಿಯ ಕಡೆ ತಿರುಗಿದ. ಶಿವರುದ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. ಆಮೇಲೆ, “ಹೌದು ಕಣಪ್ಪ. ನಾನೇ ಚಿವುಟ್ದೆ,” ಎಂದಳು. “ಏನ್ ಮಾಡ್ಲಿ? ಅಕ್ಕನ್ನ ಬುಡಿಸಿ ನಿನ್ನ ಓದುಸ್ತಾವ್ರೆ ಅಂತ ಗೊತ್ತಾದ್ರೆ ನೀನು ಹಾಸ್ಟೆಲ್ನಲ್ಲಿ ನೆಮ್ಮದಿಯಾಗಿ ಉಣ್ತಿದ್ಯಾ? ತುತ್ತು ಗಂಟ್ಲಲ್ಲಿ ಇಳೀತಿತ್ತಾ? ಅದಕ್ಕೇ ಅವ್ಳಿಗೇ ಬ್ಯಾಡ್ವಂತೆ ಅಂದೆ. ಬುಡು ಗಂಗಿ, ಈಗ್ಯಾಕೆ ಅದೆಲ್ಲ. ಎಲ್ರೂ ಒಂದೊಂದು ದಡ ಸೇರಿದ್ದೀರಿ.”

ಹದಿನೆಂಟು ವರ್ಷದಲ್ಲಿ ಅವ್ವ ಅದನ್ನು ಬಾಯಿಬಿಟ್ಟು ಒಪ್ಪಿಕೊಂಡದ್ದು ಇದೇ ಮೊದಲು. ಗಂಗಾಂಬಿಕೆಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ, ಇನ್ನಷ್ಟು ರೇಗಿತು. ಮಗನ ಗಂಟಲಲ್ಲಿ ತುತ್ತು ಇಳಿಯಲೆಂದು ಮಗಳ ಬಾಯಿ ಹೊಲಿದಳಲ್ಲ, ಆ ಮಗಳ ಗಂಟಲಲ್ಲಿ ಏನು ಇಳಿಯಿತು, ಏನು ಉಳಿಯಿತು ಎಂದು ಒಂದು ದಿನವಾದರೂ ನೋಡಿದಳೇ?

“ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಅಕ್ಕ,” ಎಂದ ಸಿದ್ದು. ಅವನ ಮುಖ ಕಪ್ಪಿಟ್ಟಿತ್ತು.

“ಆಯ್ತು. ಬ್ಯಾಡ ಅಂದ್ಲು ಅನ್ನೋದು ಅವ್ವನ ಸುಳ್ಳು, ಒಪ್ಕೊಂಡೆ. ಅಕ್ಷರ ಹತ್ಲಿಲ್ಲ ಅನ್ನೋದು ಎಲ್ಲಿಂದ ಬಂತೋ? ಅದನ್ನ ಯಾರು ಹೇಳ್ಕೊಟ್ರು ನಿಂಗೆ?”

ಸಿದ್ದು ಕನ್ನಡಕ ತೆಗೆದು ಒರೆಸಿದ. “ಅದು... ಬರೀತಾ ಬರೀತಾ ಹಾಗೆ ಬಂತು ಅಕ್ಕ. ಓದೋರ ಮನಸ್ಸಿಗೆ ತಟ್ಟುತ್ತೆ ಅಂತ.”

“ಓದೋರ ಮನಸ್ಸಿಗೆ ತಟ್ಟಕ್ಕೆ ನಾನು ದಡ್ಡಿ ಆಗ್ಬೇಕಿತ್ತು. ನೀನು ಎಲೆ ಹೊಲೀಬೇಕಿತ್ತು. ಎಲೆ ರಾಶಿ ಮಧ್ಯೆ ಬುಡ್ಡಿ ಉರೀಬೇಕಿತ್ತು. ಅಲ್ವೇನ್ಲಾ?”

ಅವಳು ಎದ್ದು ನಿಂತಳು. ಇಳಿಸಂಜೆಯವರೆಗೆ ಕೂತು ಅತ್ತು ಕರೆದು ಹೋಗುವ ಜಾಯಮಾನ ಅವಳದಲ್ಲ. “ಪುಸ್ತಕ ಸುಡು ಅಂತ ನಾನು ಹೇಳಲ್ಲ. ನಾಳೆ ಸ್ಟೇಜ್ ಮೇಲೆ ನಿಂತು ಒಂದೇ ಮಾತು ಹೇಳು. ನಲವತ್ತೊಂದನೇ ಪುಟದಲ್ಲಿ ಬರ್ದಿರೋದು ಸುಳ್ಳು, ನಮ್ಮಕ್ಕ ಶಾಲೆಗೇ ಫಸ್ಟ್ ಬಂದಿದ್ಲು, ನನಗೋಸ್ಕರ ಬಿಡಿಸಿದ್ರು ಅಂತ. ಅಷ್ಟು ಸಾಕು. ಸುಮನಾ ಕೂತ್ಕೊಂಡು ಕೇಳಿಸ್ಕೊಬೇಕು.”

“ಹೇಳ್ತೀನಿ ಅಕ್ಕ. ಖಂಡಿತ ಹೇಳ್ತೀನಿ,” ಎಂದ ಸಿದ್ದು. ತಾಯಿಯ ತಲೆ ಮುಟ್ಟಿ ಹೇಳಿದ.

ಭಾನುವಾರ ಸಭಾಂಗಣ ತುಂಬಿತ್ತು. ಕಾಲೇಜಿನ ಹುಡುಗರು, ಮಠದ ಕಡೆಯ ಹಿರಿಯರು, ರೇಷ್ಮೆ ಸೀರೆಯ ಹೆಂಗಸರು. ಮುಂದಿನ ಸಾಲಿನಲ್ಲಿ ಶಿವರುದ್ರಮ್ಮ, ಪಕ್ಕದಲ್ಲಿ ಗಂಗಾಂಬಿಕೆ, ಅವಳ ಪಕ್ಕ ಸುಮನಾ. ಗಿರಣಿಗೆ ಭಾನುವಾರವೇ ರಶ್ಶು, ಹಾಗಾಗಿ ಅಡವಿಯಪ್ಪ ಬಂದಿರಲಿಲ್ಲ. ಬಾಗಿಲ ಹತ್ತಿರ ಮೇಜಿನ ಮೇಲೆ ಪುಸ್ತಕದ ರಾಶಿ, ಕೊಳ್ಳುವವರ ನೂಕುನುಗ್ಗಲು. ಅಧ್ಯಕ್ಷತೆಗೆ ಒಬ್ಬ ನಿವೃತ್ತ ಅಧಿಕಾರಿಯನ್ನು ಕರೆಸಿದ್ದರು. ಅವರು ಬಡತನದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು, ನಡುನಡುವೆ ಗೋಡಂಬಿ ಬಾಯಿಗೆ ಹಾಕಿಕೊಂಡರು.

ಆಮೇಲೆ ಸಿದ್ದು ಎದ್ದ. ಚೆನ್ನಾಗಿ ಮಾತಾಡುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಸೋರುವ ಹೆಂಚು ಹೇಳಿದ, ಅಪ್ಪನ ಉಬ್ಬಸ ಹೇಳಿದ, ಜನ ಕಣ್ಣೊರೆಸಿಕೊಂಡರು. ಗಂಗಾಂಬಿಕೆ ಕಾದಳು. ಈಗ ಹೇಳುತ್ತಾನೆ, ಇನ್ನೇನು ಹೇಳುತ್ತಾನೆ. ಸುಮನಾಳ ಕೈಯನ್ನು ಹಿಡಿದುಕೊಂಡಳು. ಸಿದ್ದು ಸಭೆಯನ್ನು ನೋಡಿದ, ತನ್ನ ಪ್ರಿನ್ಸಿಪಾಲರನ್ನು ನೋಡಿದ, ಕೈಯಲ್ಲಿದ್ದ ಹಾಳೆ ನೋಡಿದ.

“ನನ್ನ ಅಕ್ಕ ಇಲ್ಲಿ ಬಂದಿದ್ದಾಳೆ,” ಎಂದ. “ಅಕ್ಷರ ಲೋಕದಿಂದ ದೂರವೇ ಉಳಿದ ಜೀವ. ಆದರೆ ಅವಳ ಪ್ರೀತಿ ನನ್ನ ಅಕ್ಷರಗಳಲ್ಲಿದೆ. ಅಕ್ಕನಿಗೆ ಒಂದು ಸಣ್ಣ ಗೌರವ.”

ಚಪ್ಪಾಳೆ ಬಿತ್ತು. ಯಾರೋ ಹುಡುಗಿ ಬಂದು, “ಬನ್ನಿ ಅಮ್ಮ” ಎಂದು ಗಂಗಾಂಬಿಕೆಯ ತೋಳು ಹಿಡಿದಳು. ಅವ್ವ ಕಿವಿಯಲ್ಲಿ, “ಗಂಗಿ, ನಿನ್ ದಮ್ಮಯ್ಯ ಅಂತೀನಿ, ಸುಮ್ಕೆ ಶಾಲು ಹೊದ್ಕೊಂಡು ಬಾ” ಎಂದಳು.

ಮೆಟ್ಟಿಲು ಹತ್ತುವಾಗ ಗಂಗಾಂಬಿಕೆಗೆ ಒಂದು ವಿಷಯ ಸ್ಪಷ್ಟವಾಯಿತು. ಶನಿವಾರದವರೆಗೆ ತಮ್ಮ ಅರ್ಧ ಗೊತ್ತಿಲ್ಲದೆ ಸುಳ್ಳಾಡಿದ್ದ. ಭಾನುವಾರ ಎಲ್ಲ ಗೊತ್ತಿದ್ದೂ ಆಡಿದ. ಇನ್ನು ಅವನ ಪರವಾಗಿ ತನ್ನೊಳಗೆ ವಾದ ಮಾಡುವವರು ಯಾರೂ ಉಳಿದಿರಲಿಲ್ಲ.

ಅಧ್ಯಕ್ಷರು ಶಾಲು ಹೊದಿಸಿ, ಹಾರ ಹಾಕಿ, ಪುಸ್ತಕದ ಒಂದು ಪ್ರತಿ ಕೈಗಿಟ್ಟು, “ಫೋಟೋಕ್ಕೆ ಹೀಗೆ ಹಿಡ್ಕೊಳಿ ತಾಯಿ, ಹೆಸರು ಮುಂದಕ್ಕೆ ಕಾಣ್ಲಿ” ಎಂದರು. ಅವಳು ಪುಸ್ತಕವನ್ನು ಫೋಟೋಕ್ಕೆ ಹಿಡಿಯಲಿಲ್ಲ. ನೇರ ಮೈಕಿನ ಮುಂದೆ ಹೋಗಿ ಪುಟ ತಿರುಗಿಸಿದಳು. ಸಿದ್ದು, “ಅಕ್ಕಾ” ಎಂದದ್ದು ಮೈಕಿನಲ್ಲಿ ಕೇಳಿಸಿತು.

“ನಲವತ್ತೊಂದನೇ ಪುಟ,” ಎಂದಳು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದುವಂತೆ, ಒಂದೊಂದು ಪದಕ್ಕೂ ಅದರದರ ತೂಕ ಕೊಟ್ಟು, ಎಲ್ಲೂ ತಡವರಿಸದೆ ಓದಿದಳು. “ನನ್ನ ಅಕ್ಕ ಗಂಗಾಂಬಿಕೆಗೆ ಅಕ್ಷರ ಹತ್ತಲಿಲ್ಲ. ಏಳನೆಯ ತರಗತಿಗೇ ಶಾಲೆ ಬೇಡವೆಂದು ತಾನಾಗಿಯೇ ಮನೆಯಲ್ಲಿ ಕುಳಿತಳು. ಪಾಪ, ಒಲೆ ಮತ್ತು ಎಲೆ, ಇಷ್ಟೇ ಅವಳ ಲೋಕ.”

ಓದಿ ಮುಗಿಸುವಷ್ಟರಲ್ಲಿ ಅಧ್ಯಕ್ಷರು ಎದ್ದು ನಿಂತು, “ಭೇಷ್! ನೋಡಿ, ಸಾಕ್ಷರತಾ ಆಂದೋಲನದ ಫಲ ಅಂದ್ರೆ ಇದು! ಈ ತಾಯಿ ಈ ವಯಸ್ಸಿನಲ್ಲಿ ಓದೋದನ್ನ ಕಲ್ತಿದ್ದಾರೆ!” ಎಂದು ಚಪ್ಪಾಳೆ ಹೊಡೆದರು. ಇಡೀ ಸಭೆಯೇ ಹೊಡೆಯಿತು. ಹಿಂದಿನ ಸಾಲಿನ ಹುಡುಗರು ಎದ್ದು ನಿಂತು ಹೊಡೆದರು.

ಗಂಗಾಂಬಿಕೆಯ ಮೈಯೆಲ್ಲ ಧಗಧಗ ಎಂದಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಈ ಜನಕ್ಕೆ ಕನ್ನಡಿ ಹಿಡಿದರೂ ಕಾಣಲಿಲ್ಲ. ಚಪ್ಪಾಳೆ ನಿಲ್ಲುವವರೆಗೆ ಕಾದು ಅವಳು ಹೇಳಿದಳು:

“ಆಂದೋಲನದಲ್ಲಿ ಕಲ್ತಿದ್ದಲ್ಲ ಸ್ವಾಮಿ. ತೊಂಬತ್ತೊಂದನೇ ಇಸ್ವೀಲಿ ಏಳನೇ ಕ್ಲಾಸ್ ಪಬ್ಲಿಕ್ ಪರೀಕ್ಷೇಲಿ ನಮ್ ಸ್ಕೂಲಿಗೇ ಫಸ್ಟ್ ಬಂದೋಳು ನಾನು. ಇವ್ನು ಹೊಲಿದ ಎಲೆ ಬೀಗರ ಕೈಗೆ ಚುಚ್ತು. ನಾನು ಹೊಲಿದ ಎಲೆ ಯಾರಿಗೂ ಚುಚ್ತಿರ್ಲಿಲ್ಲ. ಅದಕ್ಕೇ ನನ್ನ ಸ್ಕೂಲು ಬಿಡಿಸಿದ್ರು. ಈ ಮಾತು ನಿನ್ನೆಯಿಂದ ಇವ್ನಿಗೂ ಗೊತ್ತು. ಇಲ್ಲಿ ನಿಂತು ಹೇಳ್ತೀನಿ ಅಂತ ಅವ್ವನ ತಲೆ ಮುಟ್ಟಿದ್ದ. ಹೇಳ್ಲಿಲ್ಲ. ಅದಕ್ಕೆ ನಾನೇ ಹೇಳ್ದೆ.”

ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಧ್ಯಕ್ಷರು ಕುರ್ಚಿಯಲ್ಲಿ ಕುಳಿತು ನೀರಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದರು. ಅವಳು ಹಾರ ತೆಗೆದು, ಶಾಲು ಮಡಿಸಿ ಮೇಜಿನ ಮೇಲಿಟ್ಟು, ಪುಸ್ತಕ ಮಾತ್ರ ಹಿಡಿದುಕೊಂಡು ಕೆಳಗಿಳಿದಳು.

ಮುಂದಿನ ಸಾಲಿನಲ್ಲಿ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಮನೆ ಮಾನನ ಬೀದಿಗೆ ಹಾಕ್ಬುಟ್ಯಲ್ಲೇ” ಎಂದಳು. “ಅಂಗಡೀಲಿ ಮಾರಕ್ಕೆ ಇಟ್ಟಿರೋನು ನಿನ್ ಮಗ ಕಣವ್ವ, ನಾನಲ್ಲ” ಎಂದು ಗಂಗಾಂಬಿಕೆ ನಿಲ್ಲದೆ ನಡೆದಳು. ಸುಮನಾ ಎದ್ದು ಅಮ್ಮನ ಹಿಂದೆ ಓಡಿದಳು. ಹುಡುಗಿಯ ಮುಖ ಕೆಂಪಾಗಿತ್ತು, ನಾಚಿಕೆಗೋ ಹೆಮ್ಮೆಗೋ ಅವಳಿಗೇ ಗೊತ್ತಿರಲಿಲ್ಲ. “ಅಮ್ಮ, ಎಷ್ಟು ಮಾರ್ಕ್ಸ್ ಬಂದಿತ್ತು?” ಎಂದು ಕೇಳಿದಳು.

“ಆರ್ನೂರಕ್ಕೆ ಐನೂರ ಮೂವತ್ತಾರು. ಗಣಿತದಲ್ಲಿ ತೊಂಬತ್ತೆಂಟು.”

ಸೀದಾ ಮನೆಗೆ ಹೋಗುವುದೆಂದೇ ಅವಳು ಹೊರಟಿದ್ದು. ಆದರೆ ಬಾಗಿಲ ಹತ್ತಿರದ ಮೇಜಿನ ಮೇಲೆ ಆ ಪುಸ್ತಕದ ರಾಶಿ ಕಂಡಿತು. ಇನ್ನೂರೋ ಮುನ್ನೂರೋ ಪ್ರತಿ, ಎಲ್ಲದರಲ್ಲೂ ನಲವತ್ತೊಂದನೇ ಪುಟ. ಒಂದು ಸಲ ಮೈಕಿನಲ್ಲಿ ಹೇಳಿದ ಮಾತನ್ನು ಜನ ಬಸ್‌ಸ್ಟ್ಯಾಂಡ್ ತಲುಪುವ ಹೊತ್ತಿಗೆ ಮರೆಯುತ್ತಾರೆ, ಇದು ಮಾತ್ರ ಕಪಾಟಿನಲ್ಲಿ ಕೂತು ಅವಳು ಸತ್ತ ಮೇಲೂ ಹೇಳುತ್ತಲೇ ಇರುತ್ತದೆ. ಮಾರಲು ಕೂತಿದ್ದ ಕಾಲೇಜು ಹುಡುಗನನ್ನು ಏಳಿಸಿ ಆ ಕುರ್ಚಿಯಲ್ಲಿ ತಾನು ಕುಳಿತಳು. “ಪೆನ್ ಕೊಡಪ್ಪ” ಎಂದಳು. ಅವನು ಕೊಟ್ಟ.

ಮೊದಲ ಪ್ರತಿ ತೆಗೆದು ಆ ಮೂರು ಸಾಲಿನ ಮೇಲೆ ಉದ್ದಕ್ಕೆ ಗೆರೆ ಎಳೆದಳು. ಪಕ್ಕದ ಖಾಲಿ ಜಾಗದಲ್ಲಲ್ಲ, ಗೆರೆಯ ಮೇಲೆಯೇ, ಗುಂಡಗೆ ಬರೆದಳು: ‘ಶಾಲೆಗೇ ಮೊದಲು ಬಂದಿದ್ದೆ. ಎಲೆ ಹೊಲಿಯಲು ಬಿಡಿಸಿದರು. ಗಂಗಾಂಬಿಕೆ.’ ಎರಡನೆಯದು ತೆಗೆದಳು. ಮೂರನೆಯದು. ಸುಮನಾ ಅಮ್ಮನ ಪಕ್ಕ ನಿಂತು ಒಂದೊಂದೇ ಪ್ರತಿಯ ಪುಟ ತೆಗೆದು ಕೊಡತೊಡಗಿದಳು.

ಸಭೆ ಮುಗಿದು ಜನ ಹೊರಗೆ ಬಂದರು. ಸಿದ್ದುವಿನ ರುಜು ಹಾಕಿಸಿಕೊಳ್ಳಲು ಮೊದಲೇ ಪುಸ್ತಕ ಕೊಂಡಿದ್ದವರು ವೇದಿಕೆಯ ಕಡೆ ಒಮ್ಮೆ, ಈ ಮೇಜಿನ ಕಡೆ ಒಮ್ಮೆ ನೋಡಿದರು. ಮೊದಲು ಒಬ್ಬ ಮುದುಕಿ ಬಂದು ತನ್ನ ಪ್ರತಿಯನ್ನು ಗಂಗಾಂಬಿಕೆಯ ಮುಂದಿಟ್ಟಳು. ಅವಳ ಹಿಂದೆ ಇಬ್ಬರು ಹುಡುಗಿಯರು. ಆಮೇಲೆ ಸಾಲೇ ಆಯಿತು. ಕೆಲವರು ತಲೆ ತಗ್ಗಿಸಿಕೊಂಡು ಪಕ್ಕದಿಂದ ಜಾರಿ ಹೋದರು, ಅವರನ್ನು ಅವಳು ಕರೆಯಲಿಲ್ಲ. ಪ್ಲಾಸ್ಟಿಕ್ ತಟ್ಟೆಯಲ್ಲಿ ಉಪ್ಪಿಟ್ಟು ಕೇಸರಿಬಾತು ಹಂಚುತ್ತಿದ್ದರು. ಅವಳು ತಿನ್ನಲಿಲ್ಲ. ಬೆರಳು ನೋಯುತ್ತಿತ್ತು. ಸಾವಿರಾರು ಎಲೆ ಹೊಲಿದ ಬೆರಳಿಗೆ ಮುನ್ನೂರು ಪುಸ್ತಕ ಯಾವ ಲೆಕ್ಕ ಎಂದುಕೊಂಡು ಬರೆಯುತ್ತಲೇ ಹೋದಳು.

ಸಾಲು ಕರಗಿ ಕೊನೆಗೆ ಒಬ್ಬನೇ ಉಳಿದ. ತಲೆಯೆತ್ತಿದರೆ ಸಿದ್ದು. ಕೊರಳಲ್ಲಿ ಹಾರವಿರಲಿಲ್ಲ, ಕಣ್ಣು ಕೆಂಪಾಗಿತ್ತು. ತನ್ನ ಸ್ವಂತ ಪ್ರತಿಯನ್ನು, ಭಾಷಣಕ್ಕೆಂದು ಗುರುತು ಹಾಕಿಕೊಂಡಿದ್ದ ಪ್ರತಿಯನ್ನು, ನಲವತ್ತೊಂದನೇ ಪುಟ ತೆರೆದು ಅವಳ ಮುಂದೆ ಇಟ್ಟ.

“ನಂದ್ರಲ್ಲೂ ಬರ್ಕೊಡು ಅಕ್ಕ,” ಎಂದ. “ತಪ್ಪಾಯ್ತು. ಅಷ್ಟು ಜನರ ಮುಂದೆ ನಾಲಿಗೆ ಬರ್ಲಿಲ್ಲ.”

ಗಂಗಾಂಬಿಕೆ ಆ ಪುಟವನ್ನು ನೋಡಿದಳು, ತಮ್ಮನನ್ನು ನೋಡಿದಳು. ಸಿಟ್ಟು ಇಳಿದಿರಲಿಲ್ಲ. ಇಳಿಯಬೇಕೆಂದು ಅವಳಿಗೆ ಅನ್ನಿಸಲೂ ಇಲ್ಲ. ಪುಸ್ತಕವನ್ನು ಅವನ ಕಡೆಗೇ ತಿರುಗಿಸಿ, ಅದರ ಮೇಲೆ ಪೆನ್ನು ಇಟ್ಟಳು.

“ನಿಂದ್ರಲ್ಲಿ ನೀನೇ ಬರಿ. ನಾನು ನೋಡ್ತೀನಿ.”

ಸಿದ್ದಗಂಗಯ್ಯ ಪೆನ್ನು ಎತ್ತಿಕೊಂಡ. ತಿಂಡಿ ತಿನ್ನುತ್ತಿದ್ದ ಅವನ ವಿದ್ಯಾರ್ಥಿಗಳು ತಟ್ಟೆ ಹಿಡಿದುಕೊಂಡು ಹತ್ತಿರ ಬಂದು ನಿಂತರು. ಅವನು ಬಗ್ಗಿ ನಿಂತೇ ಇದ್ದ. ಮೊದಲ ಅಕ್ಷರ ಮೂಡಲು ಬಹಳ ಹೊತ್ತು ಹಿಡಿಯಿತು.